ಹೊಗೆಯಿಲ್ಲದ ಇದ್ದಿಲು

ಇಸ್ತ್ರಿ ಅಂಗಡಿಯ ಮುಂದೆ ಹಾದುಹೋಗುವಾಗ ಒಮ್ಮೊಮ್ಮೆ ಮೂಗಿಗೆ ತಾಕುವ ವಾಸನೆ ಅದು. ಕರಿ ತುಂಡಿನ ಅಂಚಿಗೆ ಕೆಂಪು ಹತ್ತುವಾಗ ಹುಟ್ಟಿ, ಸ್ವಲ್ಪ ಹೊತ್ತಿಗೆಲ್ಲ ಇಲ್ಲವಾಗಿಬಿಡುತ್ತದೆ. ಆಮೇಲೆ ಉಳಿಯುವುದು ಶಾಖ ಮಾತ್ರ. ಈಚೆಗೆ ಒಂದು ಭಾನುವಾರ ಸಂಜೆ ಅಟ್ಟೂರಿನ ನಮ್ಮ ಅಪಾರ್ಟ್‌ಮೆಂಟಿನ ತಾರಸಿಯ ಮೇಲೆ ಆ ವಾಸನೆ ಬಂತು. ಕೆಳಗಿನ ಮನೆಗಳ ಹುಡುಗರು ಕಬ್ಬಿಣದ ಜಾಲರಿಯ ಒಲೆಯೊಂದನ್ನು ತಂದಿಟ್ಟುಕೊಂಡು, ಯಾವ ಇದ್ದಿಲು ಒಳ್ಳೆಯದೆಂದು ವಾದಿಸುತ್ತಿದ್ದರು. "ಇದು ಬರೀ ಹೊಗೆ ಗುರು, ಹೋದ್ಸಲದ ಬ್ಯಾಗೇ ಚೆನ್ನಾಗಿತ್ತು" ಎಂದು ಒಬ್ಬ, "ತಾಳ್ಮೆ ಇರ್ಲಿ ಮಗಾ, ಕೆಂಡ ಆಗ್ಲಿ" ಎಂದು ಇನ್ನೊಬ್ಬ. ನಾನು ಒಣಹಾಕಿದ್ದ ಬಟ್ಟೆ ತೆಗೆಯಲು ಹೋದವಳು ಅಲ್ಲೇ ನಿಂತೆ. ಅಷ್ಟರಲ್ಲಿ ಹನಿ ಬೀಳತೊಡಗಿತು. ತಾರಸಿಯ ಮೂಲೆಯಲ್ಲಿ ಗಾಜು ಹಾಕಿ ಮುಚ್ಚಿದ ಒಂದು ಕೋಣೆಯಿದೆ; ಮಕ್ಕಳು ಅಲ್ಲಿ ಕೇರಂ ಆಡುತ್ತಾರೆ. "ಎತ್ತೋ, ಒಳಗೆ ತಗೊಂಡ್ ಹೋಗೋಣ, ಈಗ ಹೊಗೆನೂ ನಿಂತಿದೆ" ಎಂದು ಅವರು ಒಲೆಯನ್ನು ಎರಡೂ ಕಡೆ ಹಿಡಿದು ಎತ್ತಿದರು. ನಾನು ಕೂಗಿದೆ. ಏನು ಕೂಗಿದೆನೋ ನನಗೇ ತಿಳಿಯದು, ಬಹುಶಃ ಬರೀ "ಬೇಡ" ಎಂದಿರಬೇಕು. ಮಕ್ಕಳು ಕೇರಂ ಬಿಟ್ಟು ಬಾಗಿಲಿಗೆ ಬಂದು ನೋಡಿದರು. "ಆಂಟಿ, ಹೊಗೆ ಇಲ್ಲ ನೋಡಿ, ಪೂರ್ತಿ ಕೆಂಡ ಆಗಿದೆ" ಎಂದ ಒಬ್ಬ ಹುಡುಗ, ಬಹಳ ಮರ್ಯಾದೆಯಿಂದ. "ಹೊಗೆ ಇಲ್ಲ ಅಂತಲೇ ಬೇಡ ಅಂತಿರೋದು ಕಣಪ್ಪ" ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಲೆಯನ್ನು ಮಳೆಯಲ್ಲೇ ಇಳಿಸಿದರು. ಕೆಂಡ ಚುಂಯ್‌ಗುಟ್ಟಿತು. ಮನೆಗೆ ಬಂದು ಮಡಿಸಿದ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮಡಿಸಿದೆ. ನಲವತ್ತು ವರ್ಷ ದಾಟಿದೆ, ಆದರೂ ಆ ಮಧ್ಯಾಹ್ನ ನನ್ನೊಳಗೆ ಇನ್ನೂ ನಡೆಯುತ್ತಲೇ ಇದೆ.

ಇದ್ದಿಲನ್ನು ಆರಿಸುವುದರಲ್ಲಿ ನಮ್ಮ ಅಜ್ಜಿಯನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಅಜ್ಜಿ ಎಂದರೆ ನನ್ನ ಅಪ್ಪನ ತಾಯಿ. ನಾನು ಚಿಕ್ಕವಳಿದ್ದಾಗ, ಎಪ್ಪತ್ತರ ದಶಕದಲ್ಲಿ, ನಾವೆಲ್ಲ ಯಲಹಂಕದ ಹಳೆಯ ಪೇಟೆಯಲ್ಲಿದ್ದೆವು. ನಾಡಹೆಂಚಿನ ಮನೆ, ಗೋಡೆ ದಪ್ಪ, ಬಾಗಿಲು ಗಿಡ್ಡ, ಕಿಟಕಿಯ ಕದಗಳು ಒಂದಕ್ಕೊಂದು ಕೂಡುತ್ತಲೇ ಇರಲಿಲ್ಲ. ಚಳಿಗಾಲದ ಬೆಳಗ್ಗೆ ಬಚ್ಚಲ ಹಂಡೆಗೆ ಉರಿ ಹಾಕಿದರೆ ಹೊಗೆ ಹೆಂಚುಗಳ ಸಂದಿನಿಂದೆಲ್ಲ ನುಸುಳಿ, ಬೀದಿಯಿಂದ ನೋಡುವವರಿಗೆ ಸೂರಿಗೆ ಸೂರೇ ಇಡ್ಲಿ ಪಾತ್ರೆಯಂತೆ ಆವಿಯಾಡುವುದು ಕಾಣುತ್ತಿತ್ತು. ಹಿತ್ತಿಲಿನಲ್ಲಿ ಒಂದು ಸೀಬೆ ಮರ, ಬಟ್ಟೆ ಒಗೆಯುವ ಕಲ್ಲು, ಅವೆರಡರ ನಡುವೆ ಅಜ್ಜಿಯ ಅಗ್ಗಿಷ್ಟಿಕೆ. ತೂತು ಬಿದ್ದ ಹಳೆಯ ಬಕೆಟ್ಟಿಗೆ ಒಳಗಿನಿಂದ ಜೇಡಿಮಣ್ಣು ಮೆತ್ತಿ, ನಡುವೆ ಕಬ್ಬಿಣದ ಸರಳುಗಳನ್ನಿಟ್ಟು ಅವಳೇ ಮಾಡಿಕೊಂಡದ್ದು. ಅಡಿಗೆ ಒಳಗೆ ಆಗುತ್ತಿತ್ತು, ಆದರೆ ಸುಡುವುದೆಲ್ಲ ಹಿತ್ತಿಲಿನಲ್ಲಿ. ಗೊಜ್ಜಿಗೆ ಗುಂಡುಬದನೆಕಾಯಿ, ಹೆಸರಘಟ್ಟದ ಕಡೆಯಿಂದ ಬರುತ್ತಿದ್ದ ಮುಸುಕಿನ ಜೋಳ, ಗೆಣಸು, ಹಪ್ಪಳ. ಬದನೆಕಾಯಿಯ ಸಿಪ್ಪೆ ಬಿರಿದು ಒಳಗಿನ ನೀರು ಕೆಂಡಕ್ಕೆ ತೊಟ್ಟಿಕ್ಕುವ ಸದ್ದು, ಆಗ ಏಳುವ ಸಿಹಿಯಾದ ಕರಕಲು ವಾಸನೆ, ಜೋಳದ ಕಾಳು ಸಿಡಿದಾಗ ನಾವು ಹಿಂದಕ್ಕೆ ಹಾರುತ್ತಿದ್ದುದು, ಅಜ್ಜಿ ಬೀಸಣಿಗೆಯನ್ನು ಮೊಣಕಾಲಿಗೆ ಒತ್ತಿಕೊಂಡು ಕುಕ್ಕರಗಾಲಿನಲ್ಲಿ ಕೂತಿರುತ್ತಿದ್ದುದು, ಇವೆಲ್ಲ ಈಗ ಬರೆಯುವಾಗಲೂ ಕಣ್ಣ ಮುಂದಿವೆ. ಹಪ್ಪಳಕ್ಕೆ ಬೂದಿ ಮುಚ್ಚಿದ ಮೆತ್ತನೆಯ ಕೆಂಡ ಬೇಕು, ಬದನೆಕಾಯಿಗೆ ಹುಣಸೆಯ ಇದ್ದಿಲಿನ ಜೋರು ಶಾಖ ಬೇಕು, ಗೆಣಸಿಗೆ ಕೆಂಡಕ್ಕಿಂತ ಬೂದಿಯೇ ಸಾಕು ಎನ್ನುತ್ತಿದ್ದಳು. ನೀಲಗಿರಿ ಮರದ ಇದ್ದಿಲು ಕಂಡರೆ ಮಾತ್ರ ಅವಳಿಗೆ ಆಗುತ್ತಿರಲಿಲ್ಲ. "ಅದು ಬಾಯಿಬಡಕ ಇದ್ಲು. ಚಟಪಟ ಅಂತ ಸದ್ದು ಮಾಡತ್ತೆ, ಕೆಲ್ಸ ಮಾಡಲ್ಲ."

ತಿಂಗಳಿಗೊಮ್ಮೆ ಅವಳ ಜೊತೆ ಸೌದೆ ಡಿಪೋಗೆ ಹೋಗುವುದು ನನಗೆ ಹಬ್ಬ. ಡಿಪೋ ಇಟ್ಟಿದ್ದ ಮುನಿಯಪ್ಪ ಅಟ್ಟೂರು ಕಡೆಯ ಒಕ್ಕಲಿನ ಮನೆಯವನು. ಮೂಟೆಗಳ ನಡುವೆ ಅವನ ಬಿಳಿಯ ಹಲ್ಲು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅಜ್ಜಿ ಮೂಟೆಯ ಬಾಯಿ ಬಿಚ್ಚಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂತುಬಿಡುವಳು. ಎರಡು ತುಂಡುಗಳನ್ನು ಒಂದಕ್ಕೊಂದು ತಟ್ಟುವಳು. ಗಾಜಿನ ಬಳೆಯಂತೆ ಸದ್ದು ಬಂದರೆ ಬುಟ್ಟಿಗೆ, ಮರದ ಸದ್ದು ಬಂದರೆ ಪಕ್ಕಕ್ಕೆ. ಮುರಿದಾಗ ಒಳಗೆ ಮಿಂಚಬೇಕು, ಕೈಯಲ್ಲಿ ಹಗುರವಾಗಿರಬೇಕು. ಅರ್ಧ ಬೆಂದ, ಕಂದು ಗೆರೆ ಉಳಿದ ತುಂಡುಗಳನ್ನು ಹಸಿ ಇದ್ದಿಲು ಎಂದು ಕರೆದು ತಿರಸ್ಕಾರದಿಂದ ಎಸೆಯುವಳು, ಹೊಗೆಯಾಡುವುದು ಅವೇ.

"ಏನ್ ಮುನಿಯಪ್ಪಾ, ಸೌದೆಗೆ ಮಸಿ ಬಳ್ದು ಇದ್ಲು ಅಂತ ಮಾರ್ತೀಯಾ?"

"ಅಯ್ಯೋ ನಮ್ಮವ್ವ, ಇಂಗೆ ಒಂದೊಂದೇ ತುಂಡು ತಟ್ಟಿ ನೋಡುದ್ರೆ ನಾನು ಮನೆಗೆ ಓಗಾದು ಯಾವಾಗ? ಗಂಡು ನೋಡಾಕ್ ಬಂದಂಗೆ ನೋಡ್ತೀರಲ್ಲ!"

"ಗಂಡು ನೋಡೋವಾಗ ಇಷ್ಟು ತಟ್ಟಿ ನೋಡಿದ್ರೆ ಎಷ್ಟೋ ಹೆಣ್ಮಕ್ಳು ಬದುಕ್ಕೋತಿದ್ರು ಕಣೋ."

ಮುನಿಯಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅಜ್ಜಿ ನಗದೆ ಇನ್ನೊಂದು ತುಂಡನ್ನು ಎಸೆಯುತ್ತಿದ್ದಳು. ಆಮೇಲೆ, ಅವನೇ ಒಳಗಿನಿಂದ ಸರ್ವೆ ಮರದ ಇದ್ದಿಲಿನ ಮೂಟೆಯೊಂದನ್ನು ಎಳೆದು ತರುತ್ತಿದ್ದ. ಅದು ಅವಳ ಮನಸ್ಸಿನ ಇದ್ದಿಲು. ಹೊತ್ತಿಕೊಳ್ಳಲು ತಡ, ಆದರೆ ಒಮ್ಮೆ ಹಿಡಿದರೆ ಒಂದೆಳೆ ಹೊಗೆಯಿಲ್ಲದೆ ಗಂಟೆಗಟ್ಟಲೆ ಕಾಯುತ್ತಿರುತ್ತದೆ. ಬಾಣಂತಿಯ ಕೋಣೆಗೆ ಅದನ್ನು ಬಿಟ್ಟು ಬೇರೆಯದನ್ನು ಅವಳು ಮುಟ್ಟುತ್ತಿರಲಿಲ್ಲ. ಎಳೆ ಮಗುವಿನ ಕಣ್ಣಿಗೆ ಹೊಗೆ ತಾಗಬಾರದು ಎನ್ನುವುದು ಅವಳ ಮೊದಲನೆಯ ಕಟ್ಟಳೆ. ನಾನು, ನನ್ನ ತಮ್ಮ, ನೆಂಟರ ಮನೆಗಳ ಎಷ್ಟೋ ಕೂಸುಗಳು, ಎಲ್ಲರೂ ಯಲಹಂಕದ ಆ ಮನೆಯಲ್ಲಿ, ಹಗ್ಗದ ಮಂಚದ ಕೆಳಗಿಟ್ಟ ಆ ಅಗ್ಗಿಷ್ಟಿಕೆಯ ಶಾಖದಲ್ಲಿ ಬೆಚ್ಚಗೆ ಮಲಗಿದವರೇ. ಯಾರಿಗೂ ಏನೂ ಆಗಿರಲಿಲ್ಲ. ಅಜ್ಜಿಯ ಬಾಣಂತನವೆಂದರೆ ಪೇಟೆಯಲ್ಲೇ ಹೆಸರು.

ನಾನು ಮಿಡ್ಲ್ ಸ್ಕೂಲಿಗೆ ಬರುವ ಹೊತ್ತಿಗೆ ಅಪ್ಪ ಆರ್.ಟಿ. ನಗರದಲ್ಲಿ ಮನೆ ಕಟ್ಟಿಸಿದ. ಆಗಿನ್ನೂ ಅಲ್ಲಿ ಮನೆಗಿಂತ ಖಾಲಿ ಸೈಟುಗಳೇ ಹೆಚ್ಚು; ಹೆಬ್ಬಾಳದ ಕೆರೆಯ ಮೇಲಿಂದ ಬೀಸುವ ಗಾಳಿಗೆ ತಡೆಯೇ ಇರಲಿಲ್ಲ. ಅಪ್ಪ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಹೆಂಚಿನ ಸೂರಿನಿಂದ ಉದುರುವ ಧೂಳು, ಮಳೆಗಾಲದಲ್ಲಿ ಸೋರುವ ನೀರು, ಇಲಿಗಳ ಓಡಾಟ, ಇವೆಲ್ಲದರ ಮೇಲೆ ಸೇಡು ತೀರಿಸಿಕೊಂಡಂತೆ ಆ ಮನೆಯನ್ನು ಕಟ್ಟಿಸಿದ್ದ. ಕಾಂಕ್ರೀಟಿನ ಮೋಲ್ಡ್ ಹಾಕಿದ ಸೂರು, ರೆಡ್‌ಆಕ್ಸೈಡ್ ನೆಲ, ಗಾಜಿನ ಕಿಟಕಿಗಳು. ಗೃಹಪ್ರವೇಶಕ್ಕೆ ಬಂದವರನ್ನೆಲ್ಲ ಹಿಂದಿನ ಕೋಣೆಗೆ ಕರೆದೊಯ್ದು ಕಿಟಕಿಯನ್ನು ಹಾಕಿ ತೋರಿಸುತ್ತಿದ್ದ. "ನೋಡಿ, ಹಾಕಿದ್ರೆ ಒಂದು ಕೂದಲು ತೂರಲ್ಲ. ಗಾಳಿ ಸದ್ದು ಕೇಳತ್ತೇನ್ರೀ?" ಅವರು ಇಲ್ಲವೆಂದು ತಲೆಯಾಡಿಸುತ್ತಿದ್ದರು. ಅಜ್ಜಿಗೆ ಆ ಮನೆ ಒಗ್ಗಲಿಲ್ಲ. ನೆಲ ಜಾರುತ್ತದೆ, ಸೂರು ತಲೆಯ ಮೇಲೆ ಕೂತಂತಿದೆ, ಮಾತಾಡಿದರೆ ಮಾತು ತಿರುಗಿ ಬಂದು ಹೊಡೆಯುತ್ತದೆ ಎಂದು ಏನಾದರೊಂದು ಗೊಣಗುತ್ತಿದ್ದಳು. ಅವಳು ಮೆಚ್ಚಿದ್ದು ಆ ಹಿಂದಿನ ಕೋಣೆಯನ್ನು ಮಾತ್ರ. ಅದರ ನಡುವೆ ನಿಂತು, ಸುತ್ತ ನೋಡಿ, "ಸರೂ ಬಾಣಂತನಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ" ಎಂದಳು.

ಸರೂ ಎಂದರೆ ನನ್ನ ಸೋದರತ್ತೆ ಸರೋಜ, ಅಪ್ಪನ ಒಬ್ಬಳೇ ತಂಗಿ. ಅವಳನ್ನು ತುಮಕೂರಿಗೆ ಕೊಟ್ಟಿತ್ತು. ಅವಳು ಬಂದಳೆಂದರೆ ಮನೆಯಲ್ಲಿ ಒಂದು ಗಲಾಟೆ ಬಂದಂತೆ. ಜೋರಾಗಿ ನಗುವಳು, ಅಮ್ಮನ ಅಡಿಗೆಗೆ ಹೆಸರಿಡುವಳು, ಅಪ್ಪನನ್ನು "ಇಂಜಿನಿಯರ್ ಸಾಹೇಬ್ರೇ" ಎಂದು ಕಿಚಾಯಿಸುವಳು. ಆ ವರ್ಷ ಮೊದಲ ಹೆರಿಗೆಗೆ ಬಂದಳು. ಕಾರ್ತಿಕ ಕಳೆದು ಚಳಿ ಏರುತ್ತಿದ್ದಾಗ ಹೆಣ್ಣು ಮಗುವಾಯಿತು. ಅದಕ್ಕೂ ಮುಂಚೆಯೇ ಅಜ್ಜಿ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿ ಯಲಹಂಕಕ್ಕೆ ಹೋಗಿದ್ದಳು. ಆರ್.ಟಿ. ನಗರದ ಹತ್ತಿರವೇ ಇದ್ದಿಲು ಸಿಗುತ್ತಿತ್ತು; ಆದರೆ ಅವಳಿಗೆ ಮುನಿಯಪ್ಪನ ಸರ್ವೆ ಇದ್ದಿಲೇ ಆಗಬೇಕು. ಮಧ್ಯಾಹ್ನವೆಲ್ಲ ಕೂತು ಆರಿಸಿದಳು. ಒಂದು ಹಸಿ ತುಂಡೂ ಉಳಿಯಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಕಂಡಕ್ಟರ್ ಮೂಟೆ ನೋಡಿ ಮುಖ ಸಿಂಡರಿಸಿದ.

"ಅಜ್ಜೀ, ಮೂಟೆಗೆ ಲಗೇಜ್ ಟಿಕೆಟ್ ಆಗತ್ತೆ."

"ಇದು ಮೂಟೆ ಅಲ್ಲ ಕಣಪ್ಪ, ನನ್ ಮಗಳ ಬಾಣಂತನ."

"ಬಾಣಂತನಕ್ಕೂ ಟಿಕೆಟ್ ಇದೆ ಕಣಮ್ಮ. ನೋಡಿ, ಆಗ್ಲೇ ಇವ್ರ ಪಂಚೆ ಎಲ್ಲಾ ಕರಿ ಆಯ್ತು."

ಪಂಚೆಯವರೇ ನಕ್ಕು, "ಇರ್ಲಿ ಬಿಡ್ರೀ, ಮೊಮ್ಮಗುಗೆ ದೃಷ್ಟಿಬೊಟ್ಟು" ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಅಜ್ಜಿ ಮೂಟೆಯ ಮೇಲೆ ಒಂದು ಕೈ, ನನ್ನ ಹೆಗಲ ಮೇಲೆ ಒಂದು ಕೈ ಇಟ್ಟುಕೊಂಡು, ಹೆಬ್ಬಾಳ ಬರುವವರೆಗೂ ರಾಣಿಯಂತೆ ಕೂತಿದ್ದಳು.

ಬಾಣಂತಿಯ ಕೋಣೆಯ ದಿನಚರಿ ಅಜ್ಜಿಯ ಕೈಯಲ್ಲಿ ಪೂಜೆಯಂತೆ ನಡೆಯುತ್ತಿತ್ತು. ಬೆಳಗ್ಗೆ ಅವಳ ತೊಡೆಯ ಮೇಲೆ ಮಗುವಿಗೆ ಹಿತ್ತಿಲಿನ ಎಳೆಬಿಸಿಲು, ಹೊತ್ತೇರಿದ ಮೇಲೆ ಅತ್ತೆಗೆ ಎಣ್ಣೆ ಹಚ್ಚಿ ಸುಡುನೀರಿನ ಸ್ನಾನ, ಕೂದಲಿಗೆ ಸಾಂಬ್ರಾಣಿ, ಮೆಣಸಿನ ಸಾರಿನ ಊಟ, ಕೆಂಡದಲ್ಲಿ ಸುಟ್ಟ ಬೆಳ್ಳುಳ್ಳಿ. ಆಮೇಲೆ ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಬಟ್ಟೆ, ಎರಡು ಕಂಬಳಿ. ಹಿತ್ತಿಲಿನಲ್ಲಿ ಚೆನ್ನಾಗಿ ಹೊತ್ತಿಸಿ, ವಾಸನೆಯೂ ಹೋಗುವವರೆಗೆ ಕಾದು, ಮೇಲೆ ತೆಳ್ಳಗೆ ಬೂದಿ ಉದುರಿಸಿದ ಅಗ್ಗಿಷ್ಟಿಕೆಯನ್ನು ಅಜ್ಜಿ ಎರಡೂ ಕೈಯಲ್ಲಿ ಎತ್ತಿ ತಂದು ಮಂಚದ ಕೆಳಗಿಡುವಳು. ಆ ಹಗ್ಗದ ಮಂಚವೂ ಯಲಹಂಕದ ಮನೆಯದೇ. ಬಾಗಿಲು ಮುಚ್ಚುವಳು. ಅಪ್ಪನ ಕಿಟಕಿಗಳು ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದವು.

ಕೆಲವು ದಿನ ಕಳೆದ ಮೇಲೆ ಅತ್ತೆ ತಲೆನೋವು ಎನ್ನತೊಡಗಿದಳು. ಊಟ ಸೇರುತ್ತಿರಲಿಲ್ಲ, ಎದ್ದರೆ ಕಣ್ಣು ಕತ್ತಲೆ. "ಶೀತ ತಲೆಗೆ ಏರಿದೆ" ಎಂದಳು ಅಜ್ಜಿ. ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ ಎಂದು ಕೋಣೆಯನ್ನೆಲ್ಲ ಅಂಗೈ ಹಿಡಿದು ಪರೀಕ್ಷಿಸಿ, ಕಿಟಕಿಯ ಮೇಲಿನ ವೆಂಟಿಲೇಟರಿಗೆ ಹಳೆಯ ಸೀರೆಯೊಂದನ್ನು ತುರುಕಿದಳು. ಬಾಗಿಲಿನ ಕೆಳಗಿನ ಸಂದಿಗೆ ಗೋಣಿ ಮಡಿಸಿಟ್ಟಳು. ತಲೆನೋವು ಹೆಚ್ಚಾಯಿತು. ಅಜ್ಜಿ ಕೆಂಡವನ್ನೂ ಹೆಚ್ಚು ಮಾಡಿದಳು. ಅವಳಿಗೂ ಸಂಜೆಯ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ಕಾಫಿ ತಡವಾಯಿತು ಎಂದು ಅಮ್ಮನ ಮೇಲೆ ಹರಿಹಾಯುತ್ತಿದ್ದಳು. ಅತ್ತೆಯ ನಗು ಕಡಿಮೆಯಾಗಿತ್ತು, ಅಪ್ಪನನ್ನು ಕಿಚಾಯಿಸುವುದನ್ನೂ ಬಿಟ್ಟಿದ್ದಳು. ಆದರೆ ಅವಳ ಕೆನ್ನೆಗೆ ಬಣ್ಣ ಬಂದಿತ್ತು. ನೋಡಲು ಬಂದ ಪಕ್ಕದ ಮನೆಯಾಕೆ, "ಏನ್ ಬಾಣಂತನ ಮಾಡಿದೀರಾ ಅಜ್ಜೀ, ಹುಡುಗಿ ಕೆನ್ನೆ ಸೇಬು ಆಗಿದೆ" ಎಂದಾಗ ಅಜ್ಜಿ ಕೂಡಲೇ ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ಆ ಕೆಂಪು ಎಲ್ಲಿಂದ ಬಂತೆಂದು ಯಾರಿಗೆ ಹೊಳೆಯಬೇಕು? ಮನೆಯಲ್ಲಿ ಒಂದೆಳೆ ಹೊಗೆಯಿರಲಿಲ್ಲ. ಅಷ್ಟು ಒಳ್ಳೆಯ ಇದ್ದಿಲು.

ಅದೊಂದು ಶನಿವಾರ. ಬೆಳಗಿನ ಶಾಲೆ ಮುಗಿಸಿ, ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಮನೆಗೆ ಬಂದೆ. ಅಮ್ಮ ಅಡಿಗೆಮನೆಯಲ್ಲಿದ್ದಳು. ಅಜ್ಜಿ ಹಿತ್ತಿಲಿನಲ್ಲಿ ಮರುದಿನಕ್ಕೆಂದು ಇದ್ದಿಲು ಒಡೆಯುತ್ತಿದ್ದಳು. ಆ ಸಣ್ಣ ಟಣ್ ಟಣ್ ಸದ್ದು ಹಜಾರದವರೆಗೂ ಕೇಳುತ್ತಿತ್ತು. ಚೀಲ ಮೂಲೆಗೆ ಹಾಕಿ, ಮಗುವನ್ನು ನೋಡೋಣವೆಂದು ಕೋಣೆಯ ಬಾಗಿಲು ತಳ್ಳಿದೆ. ಕೆಳಗಿನ ಗೋಣಿ ಅಡ್ಡಬಂತು. ಭುಜ ಕೊಟ್ಟು ನೂಕಬೇಕಾಯಿತು. ಒಳಗಿನ ಬಿಸಿ ಮುಖಕ್ಕೆ ರಾಚಿತು. ಸಾಂಬ್ರಾಣಿಯ ಹಳೆಯ ವಾಸನೆ ಬಿಟ್ಟರೆ ಇನ್ನೇನೂ ಇಲ್ಲ. ಎಲ್ಲವೂ ಅಚ್ಚುಕಟ್ಟಾಗಿತ್ತು. ಅತ್ತೆ ಒಂದು ಮಗ್ಗುಲಾಗಿ ಮಲಗಿದ್ದಳು, ಮಗು ಅವಳ ಎದೆಗೆ ಅಂಟಿಕೊಂಡಿತ್ತು. ಇಬ್ಬರ ಮುಖವೂ ಕೆಂಪಗೆ, ಬೊಂಬೆಗಳಂತೆ. "ಅತ್ತೇ" ಎಂದೆ. ಕಣ್ಣು ಅರ್ಧ ತೆರೆದಳು. ಆ ಕಣ್ಣುಗಳು ನನ್ನನ್ನು ದಾಟಿ ಎಲ್ಲೋ ಹೋದವು. ತುಟಿ ಅಲುಗಿತು, ಸದ್ದು ಬರಲಿಲ್ಲ. ಕೈ ಹಿಡಿದು ಎಳೆದೆ. ಬಿಟ್ಟ ಕೂಡಲೇ ಅದು ಒದ್ದೆ ಬಟ್ಟೆಯಂತೆ ಮಂಚದಿಂದ ಜಾರಿ ನೇತಾಡಿತು. ನಾನು ಅಜ್ಜೀ ಎಂದು ಕಿರುಚಿಕೊಂಡೆ.

ಅಜ್ಜಿ ಓಡಿಬಂದಳು. ಕೈಯೆಲ್ಲ ಮಸಿ. ಒಳಗೆ ಕಾಲಿಟ್ಟವಳೇ ಮೊದಲು ಮಾಡಿದ ಕೆಲಸವೆಂದರೆ ಹಿಂದಕ್ಕೆ ತಿರುಗಿ ಬಾಗಿಲು ಮುಚ್ಚಿದ್ದು. "ಶ್... ಬಾಗ್ಲು ಹಾರು ಹೊಡ್ದಿದೀಯಲ್ಲೇ, ಗಾಳಿ ನುಗ್ಗತ್ತೆ!" ಎಂದಳು. ಕದ ಚೌಕಟ್ಟಿಗೆ ಕೂತ ಆ ಮೆತ್ತನೆಯ ಸದ್ದು, ಅಪ್ಪ ಅಷ್ಟು ಹೆಮ್ಮೆಪಡುತ್ತಿದ್ದ ಆ ಸದ್ದು, ಈಗಲೂ ನಿದ್ದೆಯಲ್ಲಿ ನನಗೆ ಕೇಳುತ್ತದೆ. ಎಷ್ಟು ಹೊತ್ತು ನಾವು ಆ ಮುಚ್ಚಿದ ಕೋಣೆಯಲ್ಲಿದ್ದೆವೋ ಹೇಳಲಾರೆ. ಅಜ್ಜಿ ಮಗಳ ಕೆನ್ನೆ ತಟ್ಟಿದಳು, ಹಣೆಗೆ ಕೈಯಿಟ್ಟಳು, "ಸರೂ, ಏಯ್ ಸರೂ, ಪಾಪು ಹಸಿದಿದೆ ಏಳೇ" ಎಂದಳು. ಆಮೇಲೆ ಮಗುವಿನ ಅಂಗಾಲನ್ನು ಬೆರಳಿನಿಂದ ಕುಟುಕಿದಳು. ಎಂಥ ನಿದ್ದೆಯಲ್ಲಿದ್ದರೂ ಮಗು ಕಾಲು ಎಳೆದುಕೊಳ್ಳುತ್ತಿತ್ತು. ಈಗ ಎಳೆದುಕೊಳ್ಳಲಿಲ್ಲ. ಅಜ್ಜಿ ಇನ್ನೊಮ್ಮೆ ಕುಟುಕಿದಳು. ಆ ಪುಟ್ಟ ಕಾಲಿನ ಮೇಲೆ ಮಸಿಯ ಗುರುತು ಮಾತ್ರ ಉಳಿಯಿತು.

ಅಷ್ಟರಲ್ಲಿ ಅಮ್ಮ ಬಾಗಿಲು ನೂಕಿಕೊಂಡು ಬಂದಳು. ಅವಳಿಗೂ ಏನೂ ತಿಳಿದಿರಲಿಲ್ಲ. ಕೋಣೆಯ ಮಬ್ಬಿನಲ್ಲಿ ಮಗುವಿನ ಮುಖ ಸರಿಯಾಗಿ ಕಾಣಲಿಲ್ಲವೆಂದು, ಬೆಳಕಿನಲ್ಲಿ ನೋಡೋಣವೆಂದು, ಅದನ್ನು ಬಾಚಿ ಎತ್ತಿಕೊಂಡು ಹಿತ್ತಿಲಿಗೆ ಓಡಿದಳು. "ಗಾಳಿ ಕಣೇ, ಗಾಳಿ! ತಲೆಗೆ ಬಟ್ಟೆ ಹಾಕೇ!" ಎಂದು ಅಜ್ಜಿ ಹಿಂದಿನಿಂದ ಕೂಗುತ್ತಲೇ ಇದ್ದಳು. ಅಮ್ಮ ಒಗೆಯುವ ಕಲ್ಲಿನ ಪಕ್ಕದಲ್ಲಿ, ಹೆಬ್ಬಾಳದ ಆ ಕೊರೆಯುವ ಗಾಳಿಯಲ್ಲಿ, ಮಗುವನ್ನು ಬಿಸಿಲಿಗೆ ಹಿಡಿದು ಅಲುಗಿಸಿದಳು. ನಾನು ಅವಳ ಸೀರೆ ಹಿಡಿದು ನಿಂತಿದ್ದೆ. ಏನೂ ಆಗಲಿಲ್ಲ. ಇನ್ನೂ ಏನೂ ಆಗಲಿಲ್ಲ. ಆಮೇಲೆ ಮಗುವಿನ ಬಾಯಿ ಓರೆಯಾಯಿತು, ಮುಖವೆಲ್ಲ ಸುಕ್ಕಾಯಿತು, ಮತ್ತು ಅದು ಸೀನಿತು. ಅಳು ಬಂದದ್ದು ಅದರ ನಂತರ. ಬೆಕ್ಕಿನ ಮರಿಯ ಅಳುವಿನಷ್ಟು ಸಣ್ಣ ಅಳು.

"ಅಮ್ಮಾ, ಅವ್ರನ್ನೂ ಹೊರಗೆ ತನ್ನಿ! ಹೊರಗೆ!" ಎಂದು ಅಮ್ಮ ಕೂಗಿದಳು. ಅಜ್ಜಿಗೂ ಅಪ್ಪನಿಗೂ ಹೆದರಿ ಬದುಕಿದವಳು ಅಮ್ಮ; ಅಜ್ಜಿಗೆ ಅವಳು ದನಿಯೇರಿಸಿ ಹೇಳಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು. ಮಗುವನ್ನು ನನ್ನ ತೋಳಿಗೆ ಕೊಟ್ಟು ಒಳಗೆ ಹೋದಳು. ಇಬ್ಬರೂ ಸೇರಿ ಅತ್ತೆಯನ್ನು ಜಮಖಾನದ ಸಮೇತ ನೆಲಕ್ಕಿಳಿಸಿ, ಆ ಜಾರುವ ನೆಲದ ಮೇಲೆ ಎಳೆದು ಹಿತ್ತಿಲಿಗೆ ತಂದರು. ದಾರಿಯುದ್ದಕ್ಕೂ ಅಜ್ಜಿ ಒಂದು ಕೈಯಲ್ಲಿ ಎಳೆಯುತ್ತಾ ಇನ್ನೊಂದು ಕೈಯಲ್ಲಿ ಮಗಳ ಕಿವಿಯ ಮೇಲಿನ ಬಟ್ಟೆಯನ್ನು ಸರಿಪಡಿಸುತ್ತಲೇ ಇದ್ದಳು. ಹೊರಗೆ ಅತ್ತೆ ವಾಂತಿ ಮಾಡಿಕೊಂಡಳು. ಪಕ್ಕದ ಮನೆಯವರು ಆಟೋ ತಂದರು.

ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದರು. ಅಪ್ಪ ಕಚೇರಿಯಿಂದ ಬಂದ. ಸಂಜೆಗೆ ಅತ್ತೆ ಅಪ್ಪನನ್ನು ಗುರುತು ಹಿಡಿದಳು. ಮಗು ಹಾಲು ಕುಡಿಯಿತು. ಡಾಕ್ಟರು ವಯಸ್ಸಾದವರು, ಮೆತ್ತನೆಯ ಮಾತಿನವರು. ಕೋಣೆ ಹೇಗಿತ್ತು, ಒಲೆ ಎಲ್ಲಿಟ್ಟಿದ್ದಿರಿ, ಎಂಥ ಇದ್ದಿಲು ಎಂದೆಲ್ಲ ಕೇಳಿದರು. ಅಜ್ಜಿ ತಪ್ಪು ತನ್ನ ಇದ್ದಿಲಿನದಲ್ಲ ಎಂದು ತಿಳಿಸುವ ಆತುರದಲ್ಲಿ, "ಒಳ್ಳೆ ಸರ್ವೆ ಇದ್ಲು ಡಾಕ್ಟ್ರೇ, ನಾನೇ ಕೂತು ಆರಿಸಿದ್ದು. ಒಂಚೂರೂ ಹೊಗೆ ಇರ್ಲಿಲ್ಲ, ಬೇಕಾದ್ರೆ ಇವಳನ್ನ ಕೇಳಿ" ಎಂದು ನನ್ನನ್ನು ಮುಂದಕ್ಕೆ ತಳ್ಳಿದಳು. ಡಾಕ್ಟರು ತಲೆಯಾಡಿಸಿದರು. "ಅದೇ ತೊಂದ್ರೆ ಆಗಿದ್ದಮ್ಮ. ಹೊಗೆ ಬಂದಿದ್ರೆ ಅವರೇ ಕೆಮ್ಮಿ ಎದ್ದು ಆಚೆ ಬಂದುಬಿಡ್ತಿದ್ರು. ಕೆಂಡದಿಂದ ಬರೋ ವಿಷ ಕಣ್ಣಿಗೆ ಕಾಣಲ್ಲ. ಹಳೆ ಮನೆ ಆಗಿದ್ರೆ ಹೆಂಚಿನ ಸಂದೀಲಿ ಹೋಗ್ತಿತ್ತು." ಅವರು ಬೈಯಲಿಲ್ಲ. ಬೈದಿದ್ದರೆ ಅಜ್ಜಿ ಎದುರು ಮಾತಾಡುತ್ತಿದ್ದಳೇನೋ. ಅವಳು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. ಬೆರಳ ಗೆರೆಗಳಲ್ಲಿ ಮಸಿ ಇನ್ನೂ ಹಾಗೇ ಇತ್ತು. ಮೆಲ್ಲಗೆ ಅವುಗಳನ್ನು ಸೆರಗಿನೊಳಗೆ ಮರೆಮಾಡಿಕೊಂಡಳು.

ಅತ್ತೆ ಬದುಕಿದಳು, ಮಗುವೂ ಬದುಕಿತು. ಆ ಮಗುವಿಗೆ ಈಗ ಕಾಲೇಜಿಗೆ ಹೋಗುವ ಮಕ್ಕಳಿದ್ದಾರೆ. ಆ ಬಾಣಂತನದ ದಿನಗಳು ಮಾತ್ರ ಅತ್ತೆಯ ನೆನಪಿನಿಂದ ಅಳಿಸಿಹೋದವು. ಮಗುವಿಗೆ ಹೆಸರಿಟ್ಟ ದಿನವನ್ನೂ ಅವಳು ನಮ್ಮ ಬಾಯಿಂದಲೇ ಕೇಳಿ ತಿಳಿದುಕೊಂಡಳು. ಗಂಡನ ಮನೆಯವರು ಬಂದು ತಾಯಿ ಮಗುವನ್ನು ಬೇಗನೆ ಕರೆದುಕೊಂಡು ಹೋದರು. ಹೋಗುವಾಗ ಅವಳ ಗಂಡನ ತಾಯಿ ಬಾಗಿಲಲ್ಲಿ ನಿಂತು, "ಇನ್ಮೇಲೆ ಬಾಣಂತನ ಎಲ್ಲ ನಮ್ಮಲ್ಲೇ ಆಗ್ಲಿ" ಎಂದರು. ಅಜ್ಜಿ, ತನ್ನ ಬಾಣಂತನದ ಬಗ್ಗೆ ಒಬ್ಬರಿಂದ ಒಂದು ಮಾತು ಕೇಳದಿದ್ದವಳು, "ಹಾಗೇ ಆಗ್ಲಿ ತಾಯಿ" ಎಂದಳು. ಮರುದಿನ ಉಳಿದ ಇದ್ದಿಲನ್ನು ಇಸ್ತ್ರಿಯವನಿಗೆ ಕೊಡಿಸಿದಳು. ಅಗ್ಗಿಷ್ಟಿಕೆಯ ಮಣ್ಣು ಮಳೆಯಲ್ಲಿ ಕರಗಿ, ಬಕೆಟ್ಟು ತುಕ್ಕು ಹಿಡಿದು, ಯಾವಾಗಲೋ ಗುಜರಿಗೆ ಹೋಯಿತು. ಗೊಜ್ಜಿಗೆ ಬದನೆಕಾಯಿಯನ್ನು ಅಮ್ಮ ಗ್ಯಾಸಿನ ಉರಿಯ ಮೇಲೆ ಸುಡತೊಡಗಿದಳು. ಅದರಲ್ಲಿ ಆ ಸಿಹಿ ಕರಕಲು ಇರಲಿಲ್ಲ; ಆದರೆ ಹಾಗೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಇದ್ದಿಲಿನ ಜೊತೆ ಒಂದು ಮನೆ ಮುಗಿಯಬಹುದು ಎನ್ನುವುದು ನನಗೆ ಅರ್ಥವಾದದ್ದು ಆಗ. ಹಿತ್ತಿಲಿನಲ್ಲಿ ಸೇರಿ ಕೂರುವುದು ನಿಂತಿತು, ಅಲ್ಲಿನ ಹರಟೆ ನಿಂತಿತು, ಅಜ್ಜಿಯ ಚುಚ್ಚು ಮಾತುಗಳೂ ನಿಂತವು. ಅಪ್ಪ ತನ್ನ ಕಿಟಕಿಗಳನ್ನು ಮತ್ತೆ ಯಾರಿಗೂ ತೋರಿಸಲಿಲ್ಲ.

ಮುಂದೆ ನಾನು ಬಿ.ಎಸ್‌ಸಿ. ಓದುವಾಗ ತರಗತಿಯಲ್ಲಿ ಕೆಂಡದಿಂದ ಹುಟ್ಟುವ ಆ ವಿಷ ಅನಿಲದ ಪಾಠ ಬಂತು. ಮೇಷ್ಟ್ರು ಬೋರ್ಡಿನ ಮೇಲೆ ಅದರ ಗುಣಗಳನ್ನು, ಮುಖ ಕೆಂಪೇರಿಸುವುದನ್ನೂ ಸೇರಿಸಿ, ಬರೆಯುತ್ತಾ ಹೋದರು. ನಾನು ಬರೆದುಕೊಳ್ಳಲಾರದೆ ಕೂತಿದ್ದೆ. ಸಂಜೆ ಮನೆಗೆ ಬಂದಾಗ ಅಜ್ಜಿ ತಾನಾಗಿಯೇ ಕೇಳಿದಳು, ಅಷ್ಟು ವರ್ಷಗಳಲ್ಲಿ ಮೊದಲ ಸಲ. "ನಿಮ್ ಕಾಲೇಜಲ್ಲಿ ಅದನ್ನೂ ಹೇಳ್ಕೊಡ್ತಾರಾ, ಅವತ್ತು ಡಾಕ್ಟ್ರು ಹೇಳಿದ್ದು?"

"ಇವತ್ತೇ ಹೇಳಿದ್ರು ಅಜ್ಜಿ."

"ವಾಸನೆ ಇರಲ್ವಂತಾ?"

"ಇರಲ್ಲ."

"ಬಣ್ಣ?"

"ಅದೂ ಇಲ್ಲ."

"ಮತ್ತೆ ಮನುಷ್ಯರಿಗೆ ಹೇಗೇ ಗೊತ್ತಾಗ್ಬೇಕು?" ಎಂದಳು. ಅದು ನನಗೆ ಕೇಳಿದ ಪ್ರಶ್ನೆಯಾಗಿರಲಿಲ್ಲ.

ಅದೇ ವರ್ಷ ಅತ್ತೆ ಎರಡನೆಯ ಹೆರಿಗೆಗೆ ಬಂದಳು. ತುಮಕೂರಿನವರು ಬೇಡವೆಂದರಂತೆ, ಅಜ್ಜಿಯೂ ಬೇಡವೆಂದಿದ್ದಳು; ಅವಳು ಹಟ ಹಿಡಿದು ಅಣ್ಣನಿಗೆ ಹೇಳಿಕಳಿಸಿ ಬಂದಳು. ಆಟೋದಿಂದ ಇಳಿದವಳೇ, "ಏನಮ್ಮಾ, ನಾನ್ ಬರೋದು ಬೇಡ ಅಂತಿದ್ಯಂತೆ, ಇಷ್ಟು ಬೇಗ ಸಾಕಾದ್ನಾ?" ಎಂದು ತನ್ನ ಹಳೆಯ ದನಿಯಲ್ಲಿ ನಕ್ಕಳು. ಅಜ್ಜಿ ಅವಳ ಮುಖ ನೋಡದೆ, "ನನ್ ಕೈಲಿ ಆಗಲ್ಲ ಕಣೇ ಸರೂ. ಯಾರನ್ನಾದ್ರೂ ಇಟ್ಕೊಳೋಣ" ಎಂದಳು. "ಯಾರೂ ಬೇಡ. ನೀನೇ ಮಾಡು" ಎಂದಳು ಅತ್ತೆ, ಮತ್ತು ಸೀದಾ ಆ ಹಿಂದಿನ ಕೋಣೆಗೆ ಹೋಗಿ ಮಂಚದ ಮೇಲೆ ಕೂತಳು. ಗಂಡು ಮಗುವಾಯಿತು. ಅಜ್ಜಿಯೇ ಎಣ್ಣೆ ಹಚ್ಚಿದಳು, ನೀರು ಹುಯ್ದಳು, ಬಟ್ಟೆ ಕಟ್ಟಿದಳು. ಬೆಂಕಿ ಮಾತ್ರ ತರಲಿಲ್ಲ.

ಆ ಮನೆ ಈಗಿಲ್ಲ. ಅಪ್ಪ ಹೋದ ಮೇಲೆ ಅದನ್ನು ಕೆಡವಿ ನಾಲ್ಕಂತಸ್ತು ಎಬ್ಬಿಸಿದ್ದಾರೆ. ಅಮ್ಮನೂ ಇಲ್ಲ, ಮುನಿಯಪ್ಪನ ಡಿಪೋ ಇದ್ದ ಜಾಗದಲ್ಲಿ ಏನಿದೆಯೋ ನಾನು ಹೋಗಿ ನೋಡಿಲ್ಲ. ಆ ಇಡೀ ಮನೆತನದಲ್ಲಿ ನನ್ನ ಮನಸ್ಸಿನಲ್ಲಿ ಕೊನೆಯವರೆಗೂ ಉಳಿಯುವುದು ಆ ಎರಡನೆಯ ಬಾಣಂತನದ ಮಧ್ಯಾಹ್ನಗಳು. ಹೊಸಲಿನ ಮೇಲೆ ಯಾರೂ ಕೂರಬಾರದು ಎನ್ನುವುದು ನಮ್ಮಲ್ಲಿ ಕಟ್ಟುನಿಟ್ಟು. ಲಕ್ಷ್ಮಿ ಬರುವ ದಾರಿ ಅದು. ಅಜ್ಜಿ ದಿನವೂ ಅತ್ತೆಗೆ ಊಟ ಬಡಿಸಿ, ಕಂಬಳಿ ಹೊದಿಸಿ, ಬಂದು ಆ ಕೋಣೆಯ ಹೊಸಲಿನ ಮೇಲೆಯೇ ಕೂತುಬಿಡುತ್ತಿದ್ದಳು. ಕದ ಮುಚ್ಚದ ಹಾಗೆ ಒಂದು ಭುಜವನ್ನು ಅದಕ್ಕೆ ಆನಿಸಿ, ಹಿತ್ತಿಲಿನಿಂದ ಬರುವ ಗಾಳಿ ಮಗಳಿಗೆ ತಾಕದ ಹಾಗೆ ಬೆನ್ನನ್ನು ಗಾಳಿಗೆ ಕೊಟ್ಟು, ಮುಖ ಮಂಚದ ಕಡೆಗೆ ಮಾಡಿ ಕೂರುವಳು. ನಿದ್ದೆ ಮಾಡುತ್ತಿರಲಿಲ್ಲ. ತಾಯಿಯ ಎದೆ ಏರಿಳಿಯುವುದನ್ನೂ, ಮಗುವಿನ ಹೊಟ್ಟೆ ಏರಿಳಿಯುವುದನ್ನೂ ನೋಡುತ್ತಿದ್ದಳು. ಚಳಿಗೆ ಅವಳ ಬೆನ್ನು ನಡುಗುವುದು ಹಜಾರದಲ್ಲಿ ಓದುತ್ತಾ ಕೂತ ನನಗೆ ಕಾಣುತ್ತಿತ್ತು. ನಾನು ಹೊದಿಸಿದ ಶಾಲನ್ನು ಅವಳು ತೆಗೆದು ಮಗಳ ಕಾಲಿಗೆ ಹಾಕುತ್ತಿದ್ದಳು.

"ಒಳಗೆ ಬಾರಮ್ಮಾ, ಚಳಿ" ಎನ್ನುತ್ತಿದ್ದಳು ಅತ್ತೆ, ಅರೆನಿದ್ದೆಯಲ್ಲಿ.

"ನೀನು ಮಲಕ್ಕೋ" ಎನ್ನುತ್ತಿದ್ದಳು ಅಜ್ಜಿ. "ನಾನಿದೀನಿ."